ಇನ್ನೂರ ಅರವತ್ತೇಳು ಮೋಟಾರು

ಹುಬ್ಬಳ್ಳಿಯ ರಾಯ್ಕರ
ಎರಡು ಪೆಟ್ಟಿಗೆ ಇಳಿಸಿ ಹೋಗಿದ್ದಾನೆ ಶುಕ್ರವಾರ,
‘ಮೂರು ರಾತ್ರಿ ಕೇಳ್ರಿ, ಆಮೇಲೆ ಮಾತಾಡೋಣು’ ಎಂದು.
ಬೀಗರು ಸಹ ಇಷ್ಟು ಪುರಸೊತ್ತು ಕೊಡುವುದಿಲ್ಲ.

ಎದೆಯೆತ್ತರ. ಆಕ್ರೋಟು ಮರದ ಮೈ.
ನನ್ನ ಹಳೆಯವು, ಹನ್ನೊಂದು ವರ್ಷದವು,
ಮುಖ ಗೋಡೆಗೆ ಮಾಡಿ ಮೂಲೆಯಲ್ಲಿ ಕೂತಿವೆ.
ಸರಿಸಿದವನು ನಾನೇ.

ನಾಲ್ಕು ಲಕ್ಷ ಎಂಬತ್ತು ಸಾವಿರ.
ನನ್ನ ಲೆಕ್ಕ ರೂಪಾಯಿಯಲ್ಲಿ ನಡೆಯುವುದಿಲ್ಲ.
ಮಂಡಿಪೇಟೆ ಹಿಂದಿನ ಓಣಿಯಲ್ಲಿ
ಸುಟ್ಟ ಮೋಟಾರಿನ ಹೊಟ್ಟೆ ಬಗೆದು
ಕರಿ ತಂತಿ ಕಿತ್ತು ಕೆಂಪು ತಂತಿ ಸುತ್ತುವವನು ನಾನು.
ಐದು ಎಚ್‌ಪಿ ಒಂದಕ್ಕೆ ಕೈಗುಳಿಯುವುದು ಹದಿನೆಂಟು ನೂರು.
ಅಂದರೆ ಇನ್ನೂರ ಅರವತ್ತೇಳು ಮೋಟಾರು,
ಅಂದರೆ ಬರುವ ಯುಗಾದಿ ದಾಟಿ ಅದರಾಚೆಯ ಯುಗಾದಿವರೆಗೆ
ಉಗುರಲ್ಲಿ ವಾರ್ನಿಷ್ ವಾಸನೆ.
ಊರಿನ ವೋಲ್ಟೇಜು ಇನ್ನಷ್ಟು ಕುಣಿಯಲಿ ಎಂದು
ಬೇಡಿಕೊಂಡೇನು ಎಂಬ ಹೆದರಿಕೆ ಬೇರೆ.

ಅಂಗಡಿಯ ಮೇಲಿನ ಈ ಕೋಣೆಯ ಗೋಡೆಗೆ
ಮುಚ್ಚಿದ ಗಿರಣಿಯ ಗೋದಾಮಿನಿಂದ
ಕೇಜಿ ಲೆಕ್ಕದಲ್ಲಿ ತಂದ ಹತ್ತಿ ತುಂಬಿದ್ದೇನೆ,
ಚೌಕಟ್ಟು ಕಟ್ಟಿ, ಮೇಲೆ ಕೋರಾ ಬಟ್ಟೆ ಬಿಗಿದು.
ಅಪ್ಪನದು ಅಲ್ಲೇ ಮೂರನೇ ಪಾಳಿ.
ಮಗ್ಗಗಳಿಗೆ ಕಿವಿ ಕೊಟ್ಟು ಬಂದವನು
ಮನೆಯಲ್ಲಿ ಎಲ್ಲರನ್ನೂ ಕೂಗಿಯೇ ಕರೆಯುತ್ತಿದ್ದ.
ಅಷ್ಟು ಸದ್ದು ಮಾಡಿದ ಹತ್ತಿ
ಈಗ ಸದ್ದು ನುಂಗುತ್ತ ಸುಮ್ಮನೆ ನಿಂತಿದೆ.

ಮೊದಲ ರಾತ್ರಿ ಸರೋದ್ ಹಾಕಿದೆ.
ತಂತಿಯ ಮೇಲೆ ಉಗುರು ಜಾರುವುದು ಕೇಳಿಸಿತು.
ನುಡಿಸುವವನು ಮೂಗಲ್ಲಿ ಉಸಿರು ಬಿಡುವುದು,
ಹಿಂದೆ ಯಾರೋ ಕುರ್ಚಿ ಎಳೆದದ್ದು.
ಹನ್ನೊಂದು ವರ್ಷ ಈ ಕುರ್ಚಿ ಎಲ್ಲಿತ್ತು?
ಎದ್ದು ಹೋಗಿ ಬಾಗಿಲು ನೋಡಿ ಬಂದೆ.

ಎರಡನೇ ರಾತ್ರಿ ಇನ್ನೊಂದು ತಿಳಿಯಿತು.
ಅಶೋಕ ರಸ್ತೆಯ ಗೇಟು ಬಿದ್ದು
ಹತ್ತೂವರೆಯ ಗೂಡ್ಸು ಹೋಗುವಾಗ
ಹಳೆಯವುಗಳಲ್ಲಿ ಅದು ಮೃದಂಗದ ಎಡಗೈಯೊಳಗೆ ಸೇರಿಕೊಳ್ಳುತ್ತಿತ್ತು,
ಹೊರಡುವ ಮಾತೇ ಎತ್ತದ ನೆಂಟನ ಹಾಗೆ.
ಹೊಸದರಲ್ಲಿ ಮೃದಂಗ ಮೃದಂಗ, ಗೂಡ್ಸು ಗೂಡ್ಸು.
ಒಂದೊಂದು ವ್ಯಾಗನ್ನೂ ಎಣಿಸಬಹುದು.
ಎಣಿಸಿದೆ. ನಲವತ್ತೊಂದು.
ಹಾಡು ಯಾವಾಗ ಮುಗಿಯಿತೋ.

ಮೂರನೇ ರಾತ್ರಿ ಜಬೀವುಲ್ಲಾ ಬಂದ,
ಮಂಡಕ್ಕಿ ಭಟ್ಟಿಯ ಮರಳು ಇನ್ನೂ ಹುಬ್ಬಲ್ಲಿ,
ಕೈಯಲ್ಲಿ ಪೊಟ್ಟಣ, ಬಿಸಿ ಮೆಣಸಿನಕಾಯಿ.
ಭಾನುವಾರದ ರೂಢಿ.
ರಾಯ್ಕರ ನೆಲಕ್ಕೆ ಟೇಪು ಅಂಟಿಸಿ ಗುರುತು ಮಾಡಿದ್ದ:
ಎರಡು ಪೆಟ್ಟಿಗೆ, ಒಂದು ಕುರ್ಚಿ, ತಪ್ಪಿಲ್ಲದ ತ್ರಿಕೋನ.
ಗೇಣು ಆಚೆ ಸರಿದರೂ ಗಾಯಕಿ
ನಡುವಿಂದೆದ್ದು ಗೋಡೆಗೆ ಹೋಗಿಬಿಡುತ್ತಾಳೆ.
ಆ ಕುರ್ಚಿ ಅವನಿಗೆ ಕೊಟ್ಟೆ.
ಕಣ್ಣು ಮುಚ್ಚಿ ರೆಕಾರ್ಡಿನ ಒಂದು ಬದಿ ಪೂರ್ತಿ ಕೇಳಿದ.
ಮೆಣಸಿನಕಾಯಿ ಆರಿತು. ಮಂಡಕ್ಕಿ ಯಾರೂ ಮುಟ್ಟಲಿಲ್ಲ,
ಜಗಿದರೆ ಅದೂ ಕೇಳಿಸುತ್ತಿತ್ತು.
‘ಭಾರೀ ಐತಿ ಬಿಡು,’ ಅಂದ ಕಡೆಗೆ,
‘ಎದುರಿಗೇ ಕುಂತು ಹಾಡ್ದಂಗೆ.
ಆದ್ರೆ ಎದುರಿಗೆ ಕುಂತೋರ ಮುಂದೆ
ಮಾತಾಡಕ್ಕೆ ನಾಚಿಕೆ ಆಗ್ತತಿ ನೋಡು.’

ಹೌದಲ್ಲ, ಅನಿಸಿತು.
ಅವನ ಅಣ್ಣನ ಜಾಗದ ಕೇಸು, ನನ್ನ ಸಕ್ಕರೆ ಕಾಯಿಲೆ,
ಎಲ್ಲ ಮಾತಾಡಿದ್ದು ಆಲಾಪದ ಮೇಲೆಯೇ.
ಹೌದು, ಆದರೆ
ಆ ಉಗುರು ಜಾರುವ ಸದ್ದು!

ಅವನು ಹೋದ ಮೇಲೆ
ಹಳೆಯದೊಂದರ ಮುಖ ತಿರುಗಿಸಿ ಜಾಲರಿ ತೆಗೆದೆ.
ಅಂಚಿನ ಫೋಮು ಹಪ್ಪಳದ ಹಾಗೆ ಉದುರಿತು.
ಕೋನು ಮೆಲ್ಲಗೆ ಎತ್ತಿ ಒಳಗಿನ ಸುರುಳಿ ನೋಡಿದೆ:
ಕೂದಲೆಳೆ ತಂತಿ, ಒಂದರ ಪಕ್ಕ ಒಂದು, ಒತ್ತೊತ್ತಾಗಿ.
ಯಾವ ದೇಶದಲ್ಲೋ ಯಾರೋ
ನನ್ನ ಹಾಗೆ ಬೆನ್ನು ಬಗ್ಗಿಸಿ ಸುತ್ತಿದ್ದು.
ಒಂದು ಸುತ್ತು ತಪ್ಪಿಲ್ಲ.
ಟಾರ್ಚು ಹಿಡಿದು ತುಂಬ ಹೊತ್ತು ಕೂತಿದ್ದೆ.

ಬೆಳಿಗ್ಗೆ ರಾಯ್ಕರನ ಫೋನು:
‘ಏನ್ ಮಾಡಿದ್ರಿ ತೀರ್ಮಾನ?’
‘ಇನ್ನೊಂದು ಭಾನುವಾರ ಇರಲಿ’ ಅಂದೆ.
ನೆಲದ ಟೇಪು ಕಿತ್ತು
ಇನ್ನೊಂದು ಕುರ್ಚಿ ಎಲ್ಲಿ ಹಿಡಿದೀತು ಎಂದು
ಗೇಣು ಹಾಕಿ ಅಳೆಯುತ್ತಿದ್ದೆ.
ಕೆಳಗೆ ಅಂಗಡಿ ಬಾಗಿಲಲ್ಲಿ ಯಾರೋ
ಸುಟ್ಟ ಮೋಟಾರು ತಂದು ಧೊಪ್ಪೆಂದು ಇಳಿಸಿದರು.

ಒಂದು, ಅಂದುಕೊಂಡೆ.